ಸ್ಕ್ರೀನ್ ರೀಡರ್ ಪಾತ್ರಗಳು (ಬಹುವೇದಿಕೆ ಮೊಬೈಲ್ ಆ್ಯಪ್ ಅಭಿವೃದ್ಧಿ)

ಸ್ಕ್ರೀನ್ ರೀಡರ್ ಪಾತ್ರ ಎಂದರೆ ಮೊಬೈಲ್ ಆ್ಯಪ್‌ನ ಪರದೆಯ ಮೇಲಿರುವ ಒಂದು ಘಟಕವು ಯಾವ ಬಗೆಯದು ಎಂಬುದನ್ನು ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ತಿಳಿಸುವ ಗುರುತು. ಒಂದು ಘಟಕವು ಬಟನ್ನೋ, ಕೊಂಡಿಯೋ, ಶೀರ್ಷಿಕೆಯೋ, ಚೆಕ್‌ಬಾಕ್ಸೋ ಎಂಬುದನ್ನು ಕಣ್ಣು ಕಾಣುವವರು ಅದರ ಆಕಾರ, ಬಣ್ಣ ಮತ್ತು ಸ್ಥಾನಗಳಿಂದ ಅರಿಯುತ್ತಾರೆ. ಅಂಧರಿಗೆ ಹಾಗೂ ಮಂದದೃಷ್ಟಿಯವರಿಗೆ ಅದೇ ತಿಳಿವಳಿಕೆ ಪಾತ್ರದ ಮೂಲಕ ಧ್ವನಿಯಾಗಿ ಅಥವಾ ಬ್ರೈಲ್ ಆಗಿ ದೊರೆಯುತ್ತದೆ.

ಆಂಡ್ರಾಯ್ಡ್ ಮತ್ತು ಐಒಎಸ್ ಎರಡಕ್ಕೂ ಒಂದೇ ಮೂಲಸಂಕೇತದಿಂದ ಆ್ಯಪ್ ಸಿದ್ಧಪಡಿಸುವ ವಿಧಾನಕ್ಕೆ ಬಹುವೇದಿಕೆ ಅಭಿವೃದ್ಧಿ ಎಂದು ಹೆಸರು. ರಿಯಾಕ್ಟ್ ನೇಟಿವ್, ಫ್ಲಟರ್, ಡಾಟ್‌ನೆಟ್ ಮಾಯಿ, ಅಯಾನಿಕ್ ಮುಂತಾದವು ಇಂತಹ ಚೌಕಟ್ಟುಗಳು. ಎರಡು ಕಾರ್ಯಾಚರಣ ವ್ಯವಸ್ಥೆಗಳು ಪಾತ್ರವನ್ನು ಬೇರೆ ಬೇರೆ ರೀತಿಯಲ್ಲಿ ಪರಿಭಾವಿಸಿರುವುದರಿಂದ, ಚೌಕಟ್ಟಿನಲ್ಲಿ ಒಮ್ಮೆ ಬರೆದ ಪಾತ್ರವು ಎರಡೂ ಕಡೆ ಒಂದೇ ರೀತಿ ಕೇಳಿಸುತ್ತದೆ ಎಂಬ ಖಾತರಿ ಇಲ್ಲ. ಈ ವಿಷಯದ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಹೆಸರು, ಪಾತ್ರ, ಸ್ಥಿತಿ

ಸ್ಕ್ರೀನ್ ರೀಡರ್ ಪರದೆಯ ಚಿತ್ರವನ್ನು ನೋಡುವುದಿಲ್ಲ. ಆ್ಯಪ್ ತನ್ನ ಘಟಕಗಳ ಬಗ್ಗೆ ಕಾರ್ಯಾಚರಣ ವ್ಯವಸ್ಥೆಗೆ ಒಪ್ಪಿಸುವ ಒಂದು ಪಟ್ಟಿಯನ್ನು ಅದು ಓದುತ್ತದೆ. ಒಂದರೊಳಗೊಂದು ಅಡಕವಾಗಿರುವ ಈ ಪಟ್ಟಿಯನ್ನು ಆಕ್ಸೆಸಿಬಿಲಿಟಿ ವೃಕ್ಷ ಎನ್ನುತ್ತಾರೆ. ಬಳಕೆದಾರರು ಪರದೆಯ ಮೇಲೆ ಬೆರಳಾಡಿಸಿದಾಗ ಅಥವಾ ಬಲಕ್ಕೆ ಬೆರಳು ಸರಿಸಿ ಮುಂದಿನ ಘಟಕಕ್ಕೆ ಹೋದಾಗ, ಆ ಘಟಕದ ಹೆಸರು, ಪಾತ್ರ ಮತ್ತು ಸ್ಥಿತಿಯನ್ನು ತಂತ್ರಾಂಶ ಉಚ್ಚರಿಸುತ್ತದೆ. ಅದನ್ನು ಬಳಸಬೇಕೆಂದರೆ ಪರದೆಯನ್ನು ಎರಡು ಬಾರಿ ತಟ್ಟಬೇಕು.

ಷರತ್ತುಗಳಿಗೆ ಒಪ್ಪಿಗೆ ಸೂಚಿಸುವ ಒಂದು ಚೌಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ‘ಷರತ್ತುಗಳಿಗೆ ಒಪ್ಪಿಗೆ ಇದೆ’ ಎಂಬುದು ಅದರ ಹೆಸರು, ‘ಚೆಕ್‌ಬಾಕ್ಸ್’ ಎಂಬುದು ಪಾತ್ರ, ‘ಗುರುತು ಹಾಕಲಾಗಿದೆ’ ಎಂಬುದು ಸ್ಥಿತಿ. ಮೂರರಲ್ಲಿ ಪಾತ್ರವೊಂದು ಬಿಟ್ಟುಹೋದರೂ ಕೇಳುಗರಿಗೆ ಅದೊಂದು ಸಾಮಾನ್ಯ ವಾಕ್ಯದಂತೆ ತೋರುತ್ತದೆ. ಅದನ್ನು ತಟ್ಟಬಹುದೆಂಬ ಸುಳಿವೇ ಸಿಗುವುದಿಲ್ಲ. ಸ್ಥಿತಿ ಬಿಟ್ಟುಹೋದರೆ, ತಾವು ಒಪ್ಪಿಗೆ ಕೊಟ್ಟಿರುವರೋ ಇಲ್ಲವೋ ಎಂಬುದೇ ತಿಳಿಯದೆ ಮುಂದುವರಿಯಬೇಕಾಗುತ್ತದೆ.

ಪಾತ್ರಕ್ಕೆ ಇನ್ನೊಂದು ಉಪಯೋಗವೂ ಇದೆ. ಶೀರ್ಷಿಕೆ ಎಂದು ಗುರುತಿಸಿದ ಘಟಕಗಳಿದ್ದರೆ, ವಾಯ್ಸ್‌ಓವರ್‌ನ ರೋಟರ್ ಅಥವಾ ಟಾಕ್‌ಬ್ಯಾಕ್‌ನ ಓದುವಿಕೆ ನಿಯಂತ್ರಣಗಳ ನೆರವಿನಿಂದ ಒಂದು ಶೀರ್ಷಿಕೆಯಿಂದ ಮತ್ತೊಂದಕ್ಕೆ ನೇರವಾಗಿ ಜಿಗಿಯಬಹುದು. ಸುದ್ದಿಯ ಆ್ಯಪ್‌ನಲ್ಲಿ ಕ್ರೀಡಾ ವಿಭಾಗವನ್ನು ಹುಡುಕುವವರು ಅದಕ್ಕೂ ಮೊದಲಿನ ಎಲ್ಲ ಸುದ್ದಿಗಳನ್ನೂ ಒಂದೊಂದಾಗಿ ಕೇಳುತ್ತಾ ಹೋಗಬೇಕೇ, ಅಥವಾ ನಾಲ್ಕು ಜಿಗಿತಗಳಲ್ಲಿ ತಲುಪಬಹುದೇ ಎಂಬುದು ಈ ಒಂದು ಗುರುತಿನಿಂದ ನಿರ್ಧಾರವಾಗುತ್ತದೆ. ದಪ್ಪ ಅಕ್ಷರದಲ್ಲಿ ಮುದ್ರಿಸಿದ ಮಾತ್ರಕ್ಕೆ ಯಾವ ಪಠ್ಯವೂ ಶೀರ್ಷಿಕೆಯಾಗುವುದಿಲ್ಲ.

ಹಿನ್ನೆಲೆ

ಪಾತ್ರದ ಕಲ್ಪನೆ ಮೊಬೈಲ್‌ಗಿಂತ ಹಳೆಯದು. ಅಕ್ಷರಗಳಷ್ಟೇ ಇದ್ದ ಡಾಸ್ ಕಾಲದ ಪರದೆಗಳನ್ನು ಸಾಲುಸಾಲಾಗಿ ಓದಿದರೆ ಸಾಕಾಗುತ್ತಿತ್ತು. ಚಿತ್ರಾತ್ಮಕ ಪರದೆಗಳು ಬಂದ ಮೇಲೆ ಕಿಟಕಿ, ಮೆನು, ಬಟನ್ ಇವುಗಳನ್ನು ಗುರುತಿಸುವ ವ್ಯವಸ್ಥೆ ಬೇಕಾಯಿತು. ಮೈಕ್ರೋಸಾಫ್ಟ್ 1997ರಲ್ಲಿ ಹೊರತಂದ ಆಕ್ಟಿವ್ ಆಕ್ಸೆಸಿಬಿಲಿಟಿ ಎಂಬ ವ್ಯವಸ್ಥೆಯಲ್ಲಿ ಪ್ರತಿ ಘಟಕಕ್ಕೂ ಪಾತ್ರವನ್ನು ಸೂಚಿಸುವ ಸಂಖ್ಯೆಯೊಂದು ಇತ್ತು. ಜಾಲತಾಣಗಳಿಗಾಗಿ ವರ್ಲ್ಡ್ ವೈಡ್ ವೆಬ್ ಒಕ್ಕೂಟವು ರೂಪಿಸಿದ ಏರಿಯಾ ಮಾನದಂಡದ ಮೊದಲ ಆವೃತ್ತಿ 2014ರಲ್ಲಿ ಅಂತಿಮಗೊಂಡಿತು. ಪಾತ್ರಗಳ ವಿಸ್ತಾರವಾದ ಪಟ್ಟಿಯೇ ಅದರ ತಿರುಳು.

ಸ್ಪರ್ಶಪರದೆಯ ಫೋನುಗಳು ಬಂದಾಗ ಅವು ಅಂಧರಿಗೆ ಬಾಗಿಲು ಮುಚ್ಚಿದವೆಂಬ ಆತಂಕ ಇತ್ತು. ಒತ್ತಿ ಗುರುತಿಸಬಹುದಾದ ಕೀಲಿಗಳು ಮಾಯವಾಗಿ ನುಣುಪಾದ ಗಾಜು ಉಳಿದಿತ್ತು. 2009ರಲ್ಲಿ ಐಫೋನ್ 3ಜಿಎಸ್ ಜೊತೆಗೆ ಬಂದ ವಾಯ್ಸ್‌ಓವರ್ ಈ ಸ್ಥಿತಿಯನ್ನು ಬದಲಿಸಿತು. ಅದೇ ವರ್ಷ ಆಂಡ್ರಾಯ್ಡ್ 1.6ರಲ್ಲಿ ಟಾಕ್‌ಬ್ಯಾಕ್ ಕಾಣಿಸಿಕೊಂಡಿತು. ಆದರೆ ಬೆರಳಾಡಿಸಿ ಪರದೆಯನ್ನು ಅರಿಯುವ ಸೌಲಭ್ಯ ಆಂಡ್ರಾಯ್ಡ್‌ಗೆ ದೊರೆತದ್ದು 2011ರ 4.0 ಆವೃತ್ತಿಯಲ್ಲಿ.

ಎರಡು ವೇದಿಕೆಗಳ ಭಿನ್ನ ಪದ್ಧತಿಗಳು

ಐಒಎಸ್‌ನಲ್ಲಿ ಪಾತ್ರ ಎಂಬ ಪ್ರತ್ಯೇಕ ಗುಣವಿಲ್ಲ. ಅಲ್ಲಿರುವುದು ಟ್ರೇಟ್‌ಗಳು, ಅಂದರೆ ಲಕ್ಷಣಗಳು. ಬಟನ್, ಕೊಂಡಿ, ಶೀರ್ಷಿಕೆ, ಚಿತ್ರ, ಹುಡುಕುವ ಪೆಟ್ಟಿಗೆ, ಹೆಚ್ಚು ಕಡಿಮೆ ಮಾಡಬಹುದಾದದ್ದು ಮುಂತಾದ ಲಕ್ಷಣಗಳ ಜೊತೆಗೇ ‘ಆಯ್ಕೆಯಾಗಿದೆ’, ‘ನಿಷ್ಕ್ರಿಯ’ ಎಂಬ ಸ್ಥಿತಿಗಳೂ ಅದೇ ಪಟ್ಟಿಯಲ್ಲಿವೆ. ಒಂದು ಘಟಕಕ್ಕೆ ಹಲವು ಲಕ್ಷಣಗಳನ್ನು ಒಟ್ಟಿಗೆ ಕೊಡಬಹುದು. ವಿಶೇಷವೆಂದರೆ ಚೆಕ್‌ಬಾಕ್ಸ್ ಮತ್ತು ರೇಡಿಯೋ ಬಟನ್‌ಗಳು ಈ ಸಾರ್ವಜನಿಕ ಪಟ್ಟಿಯಲ್ಲಿ ಇಲ್ಲ. ಐಫೋನಿನ ಸ್ವಂತ ವಿನ್ಯಾಸದಲ್ಲಿ ಅವುಗಳ ಜಾಗವನ್ನು ಸ್ವಿಚ್ ಮತ್ತು ಟಿಕ್ ಗುರುತಿನ ಸಾಲುಗಳು ತುಂಬಿರುವುದರಿಂದ ಆ ಕೊರತೆ ಆ್ಯಪಲ್‌ಗೆ ಅಷ್ಟಾಗಿ ಕಾಡಿರಲಾರದು. ಎರಡು ಸ್ಥಿತಿಗಳ ನಡುವೆ ಬದಲಾಗುವ ಬಟನ್‌ಗಾಗಿ ಒಂದು ಲಕ್ಷಣ ಸೇರ್ಪಡೆಯಾದದ್ದು 2023ರ ಐಒಎಸ್ 17ರಲ್ಲಿ.

ಆಂಡ್ರಾಯ್ಡ್‌ನ ದಾರಿ ಬೇರೆ. ಪ್ರತಿ ಘಟಕದ ಬಗ್ಗೆಯೂ ಅದು ಒಂದು ಮಾಹಿತಿ ಕಡತವನ್ನು ಕೊಡುತ್ತದೆ; ಅದರಲ್ಲಿ ಘಟಕದ ವರ್ಗದ ಹೆಸರು ಇರುತ್ತದೆ. ವರ್ಗದ ಹೆಸರು ಆಂಡ್ರಾಯ್ಡ್‌ನ ಮೂಲ ಬಟನ್‌ನದಾಗಿದ್ದರೆ ಟಾಕ್‌ಬ್ಯಾಕ್ ‘ಬಟನ್’ ಎನ್ನುತ್ತದೆ, ಸೀಕ್‌ಬಾರ್‌ನದಾಗಿದ್ದರೆ ಸ್ಲೈಡರ್ ಎಂದು ತಿಳಿಯುತ್ತದೆ. ಹೀಗಾಗಿ ಬಟನ್ ಅಲ್ಲದ ಘಟಕವೊಂದು ತಾನು ಬಟನ್ ಎಂದು ಹೇಳಿಕೊಳ್ಳಬೇಕಾದರೆ ಆ ವರ್ಗದ ಹೆಸರನ್ನು ಎರವಲು ಪಡೆದರಾಯಿತು. ಗುರುತು ಹಾಕಬಹುದೇ, ಹಾಕಲಾಗಿದೆಯೇ, ತಟ್ಟಬಹುದೇ ಎಂಬುವು ಪ್ರತ್ಯೇಕ ಅಂಶಗಳು. ಶೀರ್ಷಿಕೆ ಎಂಬುದೂ ವರ್ಗವಲ್ಲ, ಆಂಡ್ರಾಯ್ಡ್ 9ರಿಂದ ಅದು ಒಂದು ಗುಣ.

ಉಚ್ಚಾರದ ಕ್ರಮವೂ ಒಂದೇ ಅಲ್ಲ. ವಾಯ್ಸ್‌ಓವರ್ ಸಾಮಾನ್ಯವಾಗಿ ಹೆಸರನ್ನು ಮೊದಲು ಹೇಳುತ್ತದೆ. ಟಾಕ್‌ಬ್ಯಾಕ್‌ನಲ್ಲಿ ಸ್ಥಿತಿ, ಹೆಸರು, ಬಗೆ ಈ ಮೂರರ ಕ್ರಮವನ್ನು ಬಳಕೆದಾರರೇ ಬದಲಾಯಿಸಿಕೊಳ್ಳಬಹುದು. ಆದ್ದರಿಂದ ‘ಹೀಗೇ ಕೇಳಿಸಬೇಕು’ ಎಂದು ಒಂದು ನಿರ್ದಿಷ್ಟ ವಾಕ್ಯವನ್ನು ಅಭಿವೃದ್ಧಿಕಾರರು ರೂಪಿಸಲು ಹೊರಡುವುದು ವ್ಯರ್ಥ ಪ್ರಯತ್ನ.

ರಿಯಾಕ್ಟ್ ನೇಟಿವ್

ಫೇಸ್‌ಬುಕ್ 2015ರ ಮಾರ್ಚ್‌ನಲ್ಲಿ ಮುಕ್ತಗೊಳಿಸಿದ ರಿಯಾಕ್ಟ್ ನೇಟಿವ್, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಘಟಕಗಳನ್ನು ಆಯಾ ವೇದಿಕೆಯ ಮೂಲ ಘಟಕಗಳಾಗಿ ನಿರ್ಮಿಸುತ್ತದೆ. ಆರಂಭದಲ್ಲಿ ಐಒಎಸ್‌ಗೆ ಆಕ್ಸೆಸಿಬಿಲಿಟಿ ಟ್ರೇಟ್ಸ್, ಆಂಡ್ರಾಯ್ಡ್‌ಗೆ ಆಕ್ಸೆಸಿಬಿಲಿಟಿ ಕಾಂಪೊನೆಂಟ್ ಟೈಪ್ ಎಂಬ ಎರಡು ಬೇರೆ ಗುಣಗಳಿದ್ದವು. ಒಂದು ಕಡೆ ಬರೆದು ಇನ್ನೊಂದನ್ನು ಮರೆಯುವುದು ಸಾಮಾನ್ಯವಾಗಿತ್ತು. 2018ರ 0.57 ಆವೃತ್ತಿಯಲ್ಲಿ ಇವೆರಡರ ಬದಲಿಗೆ ಆಕ್ಸೆಸಿಬಿಲಿಟಿ ರೋಲ್ ಎಂಬ ಒಂದೇ ಗುಣ ಬಂದಿತು. 2023ರ 0.71 ಆವೃತ್ತಿಯು ಜಾಲದ ಪದ್ಧತಿಯನ್ನು ಅನುಸರಿಸಿ ರೋಲ್ ಎಂಬ ಮತ್ತೊಂದು ಗುಣವನ್ನೂ ಏರಿಯಾ ಮಾದರಿಯ ಹೆಸರುಗಳನ್ನೂ ಸೇರಿಸಿತು. ಎರಡನ್ನೂ ಬರೆದಿದ್ದರೆ ರೋಲ್ ಎಂಬುದಕ್ಕೇ ಮನ್ನಣೆ.

ಚೌಕಟ್ಟು ಈ ಪಾತ್ರವನ್ನು ಐಒಎಸ್‌ನಲ್ಲಿ ಲಕ್ಷಣವಾಗಿಯೂ ಆಂಡ್ರಾಯ್ಡ್‌ನಲ್ಲಿ ವರ್ಗದ ಹೆಸರಾಗಿಯೂ ಅನುವಾದಿಸುತ್ತದೆ. ಬಟನ್, ಚಿತ್ರ ಇವುಗಳಿಗೆ ನೇರ ಸಮಾನಾರ್ಥಕಗಳಿವೆ. ಐಒಎಸ್‌ನಲ್ಲಿ ಸಮಾನವಾದ ಲಕ್ಷಣವಿಲ್ಲದ ಚೆಕ್‌ಬಾಕ್ಸ್‌ನಂತಹ ಪಾತ್ರಗಳಿಗೆ ಚೌಕಟ್ಟು ಒಂದು ಉಪಾಯ ಮಾಡುತ್ತದೆ: ಪಾತ್ರದ ಹೆಸರನ್ನು ಸೂಚಿಸುವ ಪದವನ್ನು ಘಟಕದ ಮೌಲ್ಯದೊಳಗೆ ಸೇರಿಸಿಬಿಡುತ್ತದೆ. ಕೇಳುವವರಿಗೆ ವ್ಯತ್ಯಾಸ ಗೊತ್ತಾಗದು, ಆದರೆ ವಾಯ್ಸ್‌ಓವರ್‌ನ ದೃಷ್ಟಿಯಲ್ಲಿ ಅದು ಪಾತ್ರವಲ್ಲ, ಬರಿಯ ಪಠ್ಯ.

ಈ ಚೌಕಟ್ಟಿನಲ್ಲಿ ಹೆಚ್ಚಾಗಿ ಕಾಣುವ ಲೋಪಕ್ಕೆ ಕಾರಣ ಅದರ ಬಹುಬಳಕೆಯ ಘಟಕಗಳೇ. ಬಟನ್ ಎಂಬ ಸಿದ್ಧ ಘಟಕಕ್ಕೆ ಪಾತ್ರ ತಾನಾಗಿ ಬರುತ್ತದೆ. ಅದರ ರೂಪವನ್ನು ಹೆಚ್ಚು ಬದಲಾಯಿಸಲು ಬರುವುದಿಲ್ಲವಾದ್ದರಿಂದ ಅಭಿವೃದ್ಧಿಕಾರರು ಪ್ರೆಸ್ಸಬಲ್ ಅಥವಾ ಟಚಬಲ್ ಒಪಾಸಿಟಿಗಳನ್ನು ಬಳಸುತ್ತಾರೆ. ಇವುಗಳನ್ನು ತಟ್ಟಬಹುದು, ಸ್ಕ್ರೀನ್ ರೀಡರ್ ತಲುಪಲೂಬಹುದು, ಆದರೆ ಇವುಗಳಿಗೆ ಪಾತ್ರವನ್ನು ಬರೆದೇ ಕೊಡಬೇಕು. ಕೊಡದಿದ್ದರೆ ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಆ ಘಟಕ ತಟ್ಟಬಹುದಾದದ್ದೆಂದು ಕಂಡುಕೊಂಡು ಎರಡು ಬಾರಿ ತಟ್ಟುವ ಸೂಚನೆಯನ್ನಾದರೂ ನೀಡುತ್ತದೆ. ಐಒಎಸ್‌ನಲ್ಲಿ ಹೆಸರಷ್ಟೇ ಕೇಳಿಸಿ ಉಳಿಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ಪರೀಕ್ಷಿಸುವ ತಂಡಕ್ಕೆ ಈ ದೋಷ ಕಾಣಿಸದೇ ಹೋಗುವುದು ಇದರಿಂದಲೇ.

ಫ್ಲಟರ್

ಗೂಗಲ್‌ನ ಫ್ಲಟರ್ ಚೌಕಟ್ಟಿನ ಸ್ಥಿರ ಆವೃತ್ತಿ 2018ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಇದು ವೇದಿಕೆಯ ಮೂಲ ಘಟಕಗಳನ್ನು ಬಳಸದೆ ಪ್ರತಿ ಬಿಂದುವನ್ನೂ ತಾನೇ ಚಿತ್ರಿಸುತ್ತದೆ. ಕಾರ್ಯಾಚರಣ ವ್ಯವಸ್ಥೆಗೆ ಇಡೀ ಆ್ಯಪ್ ಒಂದು ಖಾಲಿ ಹಲಗೆಯಂತೆ ತೋರುವುದರಿಂದ, ಫ್ಲಟರ್ ತನ್ನದೇ ಆದ ಸೆಮ್ಯಾಂಟಿಕ್ಸ್ ವೃಕ್ಷವನ್ನು ಕಟ್ಟಿ ಅದನ್ನು ಎರಡೂ ವೇದಿಕೆಗಳಿಗೆ ಒಪ್ಪಿಸುತ್ತದೆ. ಪರದೆಯ ಮೇಲೆ ಕಾಣುವುದಕ್ಕೂ ಸ್ಕ್ರೀನ್ ರೀಡರ್ ಓದುವುದಕ್ಕೂ ಇರುವ ಅಂತರ ಬೇರಾವ ಚೌಕಟ್ಟಿಗಿಂತಲೂ ಇಲ್ಲಿ ಸ್ಪಷ್ಟ.

ಮಟೀರಿಯಲ್ ಶೈಲಿಯ ಸಿದ್ಧ ಬಟನ್, ಸ್ವಿಚ್ ಮತ್ತು ಸ್ಲೈಡರ್‌ಗಳು ತಮ್ಮ ಪಾತ್ರವನ್ನು ತಾವೇ ಹೇಳಿಕೊಳ್ಳುತ್ತವೆ. ಸ್ವಂತವಾಗಿ ರಚಿಸಿದ ಘಟಕವನ್ನು ಸೆಮ್ಯಾಂಟಿಕ್ಸ್ ಎಂಬ ವಿಜೆಟ್‌ನಿಂದ ಸುತ್ತುವರಿದು, ಇದು ಬಟನ್, ಇದು ಶೀರ್ಷಿಕೆ ಎಂದು ಸೂಚಿಸಬೇಕು. ಒಂದು ಪೆಟ್ಟಿಗೆಗೆ ಜೆಸ್ಚರ್ ಡಿಟೆಕ್ಟರ್ ಜೋಡಿಸಿದರೆ ತಟ್ಟುವ ಕ್ರಿಯೆ ವೃಕ್ಷಕ್ಕೆ ಸೇರುತ್ತದೆ, ಪಾತ್ರ ಸೇರುವುದಿಲ್ಲ. ಬಹುಕಾಲ ಫ್ಲಟರ್‌ನಲ್ಲೂ ಪಾತ್ರಗಳಿಗೆ ಪ್ರತ್ಯೇಕ ಪಟ್ಟಿ ಇರಲಿಲ್ಲ. ಹೌದು ಅಥವಾ ಅಲ್ಲ ಎನ್ನುವ ಗುರುತುಗಳ ಜೋಡಣೆಯಿಂದ ಪಾತ್ರವನ್ನು ಊಹಿಸಲಾಗುತ್ತಿತ್ತು. ಆಂಡ್ರಾಯ್ಡ್‌ನಲ್ಲಿ, ಗುರುತು ಹಾಕಬಹುದಾದ ಘಟಕವೊಂದು ಗುಂಪಿನಲ್ಲಿ ಒಂದನ್ನೇ ಆರಿಸಬಹುದಾದದ್ದೂ ಆಗಿದ್ದರೆ ಅದು ರೇಡಿಯೋ ಬಟನ್, ಇಲ್ಲವಾದರೆ ಚೆಕ್‌ಬಾಕ್ಸ್ ಎಂಬುದು ಈ ಬಗೆಯ ತರ್ಕ. ಸೆಮ್ಯಾಂಟಿಕ್ಸ್ ರೋಲ್ ಎಂಬ ಸ್ಪಷ್ಟ ಪಟ್ಟಿ 2025ರಲ್ಲಿ ಸೇರ್ಪಡೆಯಾಯಿತು. ಜಾಲಕ್ಕಾಗಿ ಸಿದ್ಧಪಡಿಸಿದ ಫ್ಲಟರ್ ಆ್ಯಪ್‌ಗಳಲ್ಲಿ ಈ ವೃಕ್ಷ ಪೂರ್ವನಿಯೋಜಿತವಾಗಿ ಸ್ಥಗಿತವಾಗಿರುತ್ತದೆ. ಕಣ್ಣಿಗೆ ಕಾಣದ ಬಟನ್ ಒಂದನ್ನು ಸ್ಕ್ರೀನ್ ರೀಡರ್ ಮೂಲಕ ಒತ್ತಿ ಅದನ್ನು ಚಾಲನೆಗೊಳಿಸಬೇಕು.

ಇತರ ಚೌಕಟ್ಟುಗಳು

ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮಾಯಿಯಲ್ಲಿ ವಿವರಣೆ, ಸುಳಿವು ಮತ್ತು ಶೀರ್ಷಿಕೆಯ ಮಟ್ಟಗಳನ್ನು ಬರೆಯಲು ಅವಕಾಶವಿದೆ. ಉಳಿದ ಪಾತ್ರಗಳು ಆಯಾ ವೇದಿಕೆಯ ಮೂಲ ಘಟಕದಿಂದಲೇ ಬರುತ್ತವೆ. ಅಯಾನಿಕ್ ಮುಂತಾದವು ಆ್ಯಪ್‌ನೊಳಗೆ ಜಾಲಪುಟವನ್ನೇ ತೋರಿಸುವುದರಿಂದ ಅವುಗಳಿಗೆ ಎಚ್‌ಟಿಎಂಎಲ್ ಮತ್ತು ಏರಿಯಾ ನಿಯಮಗಳು ಅನ್ವಯಿಸುತ್ತವೆ. ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಪಾತ್ರಗಳ ಪಟ್ಟಿ ಉದ್ದೇಶಪೂರ್ವಕವಾಗಿಯೇ ಚಿಕ್ಕದು.

ಒಂದು ಉದಾಹರಣೆ: ಹಣ ಕಳುಹಿಸುವ ಪರದೆ

ಯುಪಿಐ ಮಾದರಿಯ ಪಾವತಿ ಪರದೆಯೊಂದನ್ನು ಕಲ್ಪಿಸಿಕೊಂಡರೆ ಪಾತ್ರಗಳ ತೂಕ ತಿಳಿಯುತ್ತದೆ. ಮೇಲ್ಭಾಗದಲ್ಲಿ ಹಣ ಪಡೆಯುವವರ ಹೆಸರು, ನಡುವೆ ಮೊತ್ತ, ಅದರ ಕೆಳಗೆ ಎರಡು ಬ್ಯಾಂಕ್ ಖಾತೆಗಳ ಕಾರ್ಡ್‌ಗಳು, ತಳದಲ್ಲಿ ‘ಪಾವತಿಸಲು ಬಲಕ್ಕೆ ಎಳೆಯಿರಿ’ ಎಂಬ ಪಟ್ಟಿ.

ಹಣ ಪಡೆಯುವವರ ಹೆಸರಿಗೆ ಶೀರ್ಷಿಕೆಯ ಪಾತ್ರ ನೀಡಿದರೆ, ಕಳುಹಿಸುವ ಮುನ್ನ ಒಂದೇ ಜಿಗಿತದಲ್ಲಿ ಅಲ್ಲಿಗೆ ಮರಳಿ ಹೆಸರನ್ನು ಮತ್ತೆ ಖಚಿತಪಡಿಸಿಕೊಳ್ಳಬಹುದು. ಮೊತ್ತದ ಪೆಟ್ಟಿಗೆ ವೇದಿಕೆಯ ಮೂಲ ಪಠ್ಯಕ್ಷೇತ್ರವಾಗಿದ್ದರೆ ಅದಕ್ಕೆ ಬೇರೆ ಪಾತ್ರ ಬೇಡ. ಖಾತೆಗಳ ಕಾರ್ಡ್‌ಗಳು ಬಟನ್‌ಗಳಂತೆ ತೋರಿದರೂ ಅವು ರೇಡಿಯೋ ಬಟನ್‌ಗಳು, ಏಕೆಂದರೆ ಎರಡರಲ್ಲಿ ಒಂದು ಯಾವಾಗಲೂ ಆಯ್ಕೆಯಾಗಿರುತ್ತದೆ. ಆಯ್ಕೆಯನ್ನು ಹಸಿರು ಅಂಚಿನಿಂದ ಮಾತ್ರ ತೋರಿಸಿ ಸ್ಥಿತಿಯನ್ನು ಬರೆಯದಿದ್ದರೆ, ಹಣ ಯಾವ ಖಾತೆಯಿಂದ ಹೋಗುತ್ತದೆ ಎಂಬುದು ಅಂಧ ಬಳಕೆದಾರರಿಗೆ ಹೋದ ಮೇಲಷ್ಟೇ ತಿಳಿಯುತ್ತದೆ.

ಎಳೆಯುವ ಪಟ್ಟಿ ಇನ್ನೂ ಸೂಕ್ಷ್ಮ. ಸ್ಕ್ರೀನ್ ರೀಡರ್ ಚಾಲನೆಯಲ್ಲಿರುವಾಗ ಒಂದು ಬೆರಳನ್ನು ಬಲಕ್ಕೆ ಎಳೆಯುವುದೆಂದರೆ ಮುಂದಿನ ಘಟಕಕ್ಕೆ ಹೋಗುವುದು. ಆ ಎಳೆತ ಆ್ಯಪ್‌ಗೆ ತಲುಪುವುದೇ ಇಲ್ಲ. ವಾಯ್ಸ್‌ಓವರ್‌ನಲ್ಲಿ ಎರಡು ಬಾರಿ ತಟ್ಟಿ ಬೆರಳೆತ್ತದೆ ಎಳೆಯುವ ಉಪಾಯವಿದ್ದರೂ ಎಲ್ಲರಿಗೂ ಅದು ತಿಳಿದಿರುವುದಿಲ್ಲ. ನೋಟಕ್ಕೆ ಸ್ಲೈಡರ್‌ನಂತಿದೆ ಎಂಬ ಕಾರಣಕ್ಕೆ ಇದಕ್ಕೆ ಹೆಚ್ಚು ಕಡಿಮೆ ಮಾಡಬಹುದಾದ ಘಟಕದ ಪಾತ್ರ ಕೊಡುವುದು ತಪ್ಪು. ಧ್ವನಿಯ ಮಟ್ಟದಂತೆ ಏರಿಳಿಯುವ ಮೌಲ್ಯವಿರುವ ಘಟಕಕ್ಕೆ ಆ ಪಾತ್ರ ಸಲ್ಲುತ್ತದೆ. ಇಲ್ಲಿ ನಡೆಯುವುದು ಒಂದೇ ಕ್ರಿಯೆ, ಆದ್ದರಿಂದ ಇದು ಬಟನ್. ಎರಡು ಬಾರಿ ತಟ್ಟಿದಾಗ ಪಾವತಿ ಆರಂಭವಾಗುವಂತೆ ಕ್ರಿಯೆಯನ್ನೂ ಜೋಡಿಸಬೇಕು. ಹೆಸರನ್ನೂ ‘ಪಾವತಿಸಿ’ ಎಂದು ಬದಲಿಸುವುದು ಒಳಿತು. ಇದರ ನಂತರ ಬರುವ ಪಿನ್ ಪರದೆ ಆ್ಯಪ್‌ನದಲ್ಲ, ರಾಷ್ಟ್ರೀಯ ಪಾವತಿ ನಿಗಮ ಒದಗಿಸುವ ಸಾಮಾನ್ಯ ಲೈಬ್ರರಿಯದು. ಆ್ಯಪ್‌ನ ಅಭಿವೃದ್ಧಿಕಾರರು ಅದರ ಪಾತ್ರಗಳನ್ನು ತಿದ್ದಲಾರರು.

ಸಾಮಾನ್ಯ ದೋಷಗಳು

ಹೆಸರಿನೊಳಗೇ ಪಾತ್ರವನ್ನು ಬರೆಯುವುದು ಒಳ್ಳೆಯ ಉದ್ದೇಶದಿಂದಲೇ ಆಗುವ ತಪ್ಪು. ‘ಕಳುಹಿಸುವ ಬಟನ್’ ಎಂದು ಹೆಸರಿಟ್ಟು ಪಾತ್ರವನ್ನೂ ಕೊಟ್ಟರೆ ‘ಕಳುಹಿಸುವ ಬಟನ್, ಬಟನ್’ ಎಂದು ಕೇಳಿಸುತ್ತದೆ. ಪಾತ್ರವನ್ನು ಕೊಡದೆ ಹೆಸರಿನಲ್ಲಷ್ಟೇ ಬರೆದರೆ ಸ್ಕ್ರೀನ್ ರೀಡರ್ ಅದನ್ನು ಬಟನ್‌ಗಳ ಸಾಲಿಗೆ ಸೇರಿಸುವುದಿಲ್ಲ.

ಮತ್ತೊಂದು ದೋಷ ಗುಂಪುಗೂಡಿಸುವಿಕೆಯದು. ರಿಯಾಕ್ಟ್ ನೇಟಿವ್‌ನಲ್ಲಿ ಒಂದು ಕಾರ್ಡನ್ನು ಇಡಿಯಾಗಿ ಒಂದೇ ಘಟಕವೆಂದು ಘೋಷಿಸಿದರೆ, ಅದರೊಳಗಿನ ‘ಅಳಿಸಿ’, ‘ಹಂಚಿಕೊಳ್ಳಿ’ ಮುಂತಾದ ಬಟನ್‌ಗಳು ಐಒಎಸ್‌ನಲ್ಲಿ ವಾಯ್ಸ್‌ಓವರ್‌ಗೆ ಎಟುಕದೆ ಹೋಗುತ್ತವೆ. ಇಲ್ಲೂ ಆಂಡ್ರಾಯ್ಡ್‌ನ ವರ್ತನೆ ಬೇರೆ, ಒಳಗಿನ ಬಟನ್‌ಗಳನ್ನು ಅದು ಪ್ರತ್ಯೇಕವಾಗಿ ತಲುಪಬಲ್ಲದು. ಎಚ್ಚರಿಕೆಯ ಸಂದೇಶಕ್ಕೆ ಅಲರ್ಟ್ ಪಾತ್ರ ಕೊಟ್ಟರೆ ಅದು ಕಾಣಿಸಿಕೊಂಡ ಕೂಡಲೇ ತಾನಾಗಿ ಓದಲ್ಪಡುತ್ತದೆ ಎಂಬ ನಂಬಿಕೆಯೂ ವ್ಯಾಪಕ. ಅದಕ್ಕಾಗಿ ಆಂಡ್ರಾಯ್ಡ್‌ನಲ್ಲಿ ಲೈವ್ ರೀಜನ್ ಗುಣವನ್ನೂ ಐಒಎಸ್‌ನಲ್ಲಿ ಘೋಷಣೆಯ ಆದೇಶವನ್ನೂ ಬಳಸಬೇಕು.

ಕನ್ನಡದ ಆ್ಯಪ್‌ಗಳಲ್ಲಿ

ಘಟಕದ ಹೆಸರು ಆ್ಯಪ್‌ನಿಂದ ಬರುತ್ತದೆ. ಪಾತ್ರವನ್ನು ಹೇಳುವ ಪದ ಸ್ಕ್ರೀನ್ ರೀಡರ್‌ನಿಂದ ಬರುತ್ತದೆ. ಟಾಕ್‌ಬ್ಯಾಕ್ ಕನ್ನಡದಲ್ಲಿದ್ದರೆ ಪಾತ್ರವೂ ಕನ್ನಡದಲ್ಲೇ ಕೇಳಿಸುತ್ತದೆ, ಆ್ಯಪ್ ಮಾಡಿದವರು ಅದನ್ನು ಅನುವಾದಿಸುವ ಅಗತ್ಯವಿಲ್ಲ. ಸರಿಯಾದ ಪಾತ್ರವನ್ನು ಕೊಡುವುದರ ದೊಡ್ಡ ಲಾಭಗಳಲ್ಲಿ ಇದೂ ಒಂದು. ಇದಕ್ಕೆ ವಿರುದ್ಧವಾಗಿ, ಆಂಡ್ರಾಯ್ಡ್‌ನಲ್ಲಿ ಪಾತ್ರದ ವಿವರಣೆಯನ್ನು ಸ್ವಂತ ಪದಗಳಲ್ಲಿ ಬರೆದರೆ, ಆ ಪದಗಳನ್ನು ಪ್ರತಿ ಭಾಷೆಗೂ ಆ್ಯಪ್‌ನವರೇ ಅನುವಾದಿಸಬೇಕು. ಐಒಎಸ್‌ನಲ್ಲಿ ರಿಯಾಕ್ಟ್ ನೇಟಿವ್ ಮೌಲ್ಯದೊಳಗೆ ಸೇರಿಸುವ ಪದಗಳ ಪಾಡೂ ಇದೇ: ಚೌಕಟ್ಟಿನ ಬಳಿ ಕನ್ನಡ ಅನುವಾದವಿಲ್ಲದಿದ್ದರೆ ಕನ್ನಡ ವಾಕ್ಯದ ತುದಿಯಲ್ಲಿ ಇಂಗ್ಲಿಷ್ ಪದವೊಂದು ಉಳಿದುಕೊಳ್ಳುತ್ತದೆ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಇನ್ನೊಂದು ಗಮನಾರ್ಹ ಸಂಗತಿ. ‘ಈ ಮೇಲ್ಕಂಡ ಎಲ್ಲ ನಿಯಮ ಮತ್ತು ಷರತ್ತುಗಳನ್ನು ಓದಿ ಅರ್ಥಮಾಡಿಕೊಂಡು ಒಪ್ಪಿರುತ್ತೇನೆ’ ಎಂಬಂತಹ ಹೆಸರಿನಲ್ಲಿ ಮುಖ್ಯ ಮಾತು ಕೊನೆಗೆ ಬರುತ್ತದೆ, ಪಾತ್ರ ಅದರ ನಂತರ. ವೇಗವಾಗಿ ಬೆರಳು ಸರಿಸುವವರು ಅಷ್ಟು ಹೊತ್ತು ಕಾಯುವುದಿಲ್ಲ. ಹೆಸರು ಚಿಕ್ಕದಾಗಿದ್ದಷ್ಟೂ ಪಾತ್ರ ಕಿವಿಗೆ ಬೇಗ ಬೀಳುತ್ತದೆ.

ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಧ್ವನಿ ಓದಲಾರದು. ಗೂಗಲ್‌ನ ಧ್ವನಿ ತಂತ್ರಾಂಶದಲ್ಲಿಯೂ ಮುಕ್ತ ತಂತ್ರಾಂಶವಾದ ಇ-ಸ್ಪೀಕ್‌ನಲ್ಲಿಯೂ ಕನ್ನಡಕ್ಕೆ ಬೆಂಬಲವಿದೆ. ಯಾವ ಪಠ್ಯ ಯಾವ ಭಾಷೆಯದೆಂದು ತಿಳಿಸುವ ಗುಣ ರಿಯಾಕ್ಟ್ ನೇಟಿವ್‌ನಲ್ಲಿ ಐಒಎಸ್‌ಗೆ ಮಾತ್ರ ಲಭ್ಯ.

ಮಾನದಂಡ ಮತ್ತು ಕಾನೂನು

ಜಾಲ ವಿಷಯದ ಸುಲಭಲಭ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ 4.1.2ನೇ ನಿಯಮವು ಪ್ರತಿ ಘಟಕದ ಹೆಸರು, ಪಾತ್ರ ಮತ್ತು ಮೌಲ್ಯವನ್ನು ತಂತ್ರಾಂಶಗಳು ಅರಿಯುವಂತಿರಬೇಕೆಂದು ವಿಧಿಸುತ್ತದೆ. ಇದು ಕನಿಷ್ಠ ಮಟ್ಟವಾದ ‘ಎ’ ದರ್ಜೆಯ ನಿಯಮ. 2023ರಲ್ಲಿ ಬಂದ 2.2 ಆವೃತ್ತಿಯಲ್ಲೂ ಅದು ಮುಂದುವರಿದಿದೆ. ಮೊಬೈಲ್ ಆ್ಯಪ್‌ಗಳನ್ನೂ ಒಳಗೊಳ್ಳುವ ಯುರೋಪಿನ ಇಎನ್ 301 549 ಮಾನದಂಡ ಮತ್ತು ಅದನ್ನು ಆಧರಿಸಿದ ಭಾರತೀಯ ಮಾನಕ ಐಎಸ್ 17802 ಇದೇ ತತ್ತ್ವವನ್ನು ಅನುಸರಿಸುತ್ತವೆ.

ಭಾರತದಲ್ಲಿ 2011ರ ಜನಗಣತಿಯು ಸುಮಾರು 50 ಲಕ್ಷ ಜನರನ್ನು ದೃಷ್ಟಿ ವೈಕಲ್ಯವುಳ್ಳವರೆಂದು ದಾಖಲಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 42ನೇ ಕಲಮು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಸುಲಭಲಭ್ಯತೆಯನ್ನು ಸರ್ಕಾರದ ಹೊಣೆಯಾಗಿಸಿದೆ. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಸುಲಭಲಭ್ಯತೆಯ ನಿಯಮಗಳು ಬರಿಯ ಶಿಫಾರಸುಗಳಾಗಿ ಉಳಿಯಬಾರದು, ಕಡ್ಡಾಯವಾದ ಕನಿಷ್ಠ ಮಾನದಂಡಗಳು ಇರಬೇಕೆಂದು ಹೇಳಿತು. 2025ರ ಏಪ್ರಿಲ್ 30ರಂದು, ಡಿಜಿಟಲ್ ಗ್ರಾಹಕ ಗುರುತಿನ ಪ್ರಕ್ರಿಯೆಯಲ್ಲಿ ಆ್ಯಸಿಡ್ ದಾಳಿಗೊಳಗಾದವರು ಮತ್ತು ಅಂಧರು ಎದುರಿಸುವ ತೊಂದರೆಗಳ ಕುರಿತ ಅರ್ಜಿಗಳ ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಅದೇ ನ್ಯಾಯಾಲಯ ಎತ್ತಿಹಿಡಿಯಿತು.

ಪರೀಕ್ಷೆ

ಎಕ್ಸ್‌ಕೋಡ್‌ನ ಆಕ್ಸೆಸಿಬಿಲಿಟಿ ಇನ್‌ಸ್ಪೆಕ್ಟರ್, ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿ ಸ್ಕ್ಯಾನರ್ ಹಾಗೂ ಫ್ಲಟರ್‌ನ ಸೆಮ್ಯಾಂಟಿಕ್ಸ್ ಡಿಬಗರ್‌ಗಳು ಪ್ರತಿ ಘಟಕದ ಮಾಹಿತಿಯನ್ನು ತೋರಿಸುತ್ತವೆ ಅಥವಾ ಕೊರತೆಗಳನ್ನು ಪಟ್ಟಿ ಮಾಡುತ್ತವೆ. ರಿಯಾಕ್ಟ್ ನೇಟಿವ್ ಟೆಸ್ಟಿಂಗ್ ಲೈಬ್ರರಿಯಲ್ಲಿ ಘಟಕವನ್ನು ಅದರ ಪಾತ್ರದ ಮೂಲಕವೇ ಹುಡುಕಬಹುದು. ಆಗ ಪಾತ್ರ ಬಿಟ್ಟುಹೋದರೆ ಸ್ವಯಂಚಾಲಿತ ಪರೀಕ್ಷೆಯೇ ವಿಫಲವಾಗುತ್ತದೆ. ಪಾತ್ರ ಇದೆಯೇ ಎಂಬುದನ್ನು ಯಂತ್ರ ಹೇಳಬಲ್ಲದು. ಕೊಟ್ಟ ಪಾತ್ರ ತಕ್ಕುದೇ ಎಂಬುದನ್ನು ತಿಳಿಯಲು ಎರಡೂ ವೇದಿಕೆಗಳ ನಿಜವಾದ ಫೋನುಗಳಲ್ಲಿ, ಪರದೆಯನ್ನು ನೋಡದೆ, ಒಂದು ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಮಾಡಿ ನೋಡಬೇಕು. ಐಒಎಸ್‌ನಲ್ಲಿ ಮೂರು ಬೆರಳುಗಳಿಂದ ಮೂರು ಬಾರಿ ತಟ್ಟಿದರೆ ಪರದೆ ಕಪ್ಪಾಗುವ ಸೌಲಭ್ಯ ವಾಯ್ಸ್‌ಓವರ್‌ನಲ್ಲಿದೆ; ಜೂಮ್ ಸೌಲಭ್ಯವೂ ಚಾಲನೆಯಲ್ಲಿದ್ದರೆ ನಾಲ್ಕು ಬಾರಿ ತಟ್ಟಬೇಕಾಗುತ್ತದೆ.